ದಲ್ಲಾಳಿಗೆ ಕಮಿಷನ್ ಏತಕ್ಕೆ?

ತೋಟ ಮಾರುವಾಗ ನೂರಕ್ಕೆ ಎರಡು ಕೇಳುವ ದಲ್ಲಾಳಿಯನ್ನು ಕಂಡರೆ ನಮ್ಮಲ್ಲಿ ಅನೇಕರಿಗೆ ಸಿಡಿಮಿಡಿ. ಗಿರಾಕಿಯನ್ನು ಜೀಪಿನಲ್ಲಿ ಕರೆತಂದು ತೋಟ ತೋರಿಸಿದ್ದಕ್ಕೆ ಇಷ್ಟು ಹಣವೇ ಎಂದು ಕೇಳುತ್ತೇವೆ. ಅವನ ಕೆಲಸ ಅಷ್ಟೇ ಆದರೆ ನಮ್ಮ ಪ್ರಶ್ನೆ ನ್ಯಾಯವೇ ಸರಿ.

ಆದರೆ ಒಳ್ಳೆಯ ದಲ್ಲಾಳಿಯ ಕೆಲಸ ಗಿರಾಕಿ ಬರುವ ಮೊದಲೇ ಆರಂಭವಾಗುತ್ತದೆ. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿದೆಯೇ? ತೀರಿಸಿದ ಸಾಲದ ಭಾರ ಇನ್ನೂ ಅಲ್ಲೇ ಕುಳಿತಿದೆಯೇ? ಬೇಲಿಯೊಳಗೆ ಹಿಡುವಳಿ ಎಷ್ಟು, ಒತ್ತುವರಿ ಎಷ್ಟು? ಇವನ್ನು ಅವನು ನೋಡಿ ಹೇಳಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲುಂಟು. ಅಕ್ಕತಂಗಿಯರ ಸಹಿ ಬಿಟ್ಟ ಕ್ರಯಪತ್ರ ಕೋರ್ಟಿನ ಮೆಟ್ಟಿಲು ಹತ್ತೀತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯಂತೆ ಆ ಕ್ರಯವೇ ಊರ್ಜಿತವಲ್ಲ.

ಇಂಥ ತೊಡಕು ಮುಂಗಡ ಪಡೆದ ಮೇಲೆ ಹೊರಬಿದ್ದರೆ ಗತಿಯೇನು? ಹಣ ಆಗಲೇ ಮಗಳ ಮದುವೆಗೋ ಆಸ್ಪತ್ರೆಗೋ ಹೋಗಿರುತ್ತದೆ. ಗಿರಾಕಿ ವಾಪಸು ಕೇಳುತ್ತಾನೆ. ಸಣ್ಣ ಬೆಳೆಗಾರ ಅಲ್ಲಿಗೆ ಮುಳುಗಿದಂತೆಯೇ. ಕಾಗದಗಳ ಕೊನೆಯ ಪರಿಶೀಲನೆ ವಕೀಲರದೇ ಆದರೂ, ಮೊದಲ ಎಚ್ಚರಿಕೆ ದಲ್ಲಾಳಿಯಿಂದ ಬರಬೇಕು.

ಆದ್ದರಿಂದ ದಲ್ಲಾಳಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಏನೇನು ಕೆಲಸ ಮಾಡುವಿರಿ, ಎರಡೂ ಕಡೆಯಿಂದ ಹಣ ಪಡೆಯುವಿರೋ ಹೇಗೆ ಎಂಬುದನ್ನು ಮೊದಲೇ ಬರೆದುಕೊಡಿ. ಸದಸ್ಯ ಬಾಂಧವರೇ, ಹಾಗೆ ಬರೆದುಕೊಟ್ಟು ದುಡಿದವನ ಹತ್ತಿರ ಚೌಕಾಸಿ ಬೇಡ. ಬರೆದುಕೊಡಲು ಹಿಂಜರಿಯುವವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿದರೆ ಸಾಕು.