ಮೊಬೈಲ್‌ನಲ್ಲೇ ಜಿಪಿಎಸ್ ಇರುವಾಗ ಪುಟ್ಟ ವಿಮಾನಕ್ಕೆ ದಿಕ್ಸೂಚಿ ಯಾಕೆ?

ಎಸ್.ಪಿ. ರಸ್ತೆಯಲ್ಲಿ ಸಿಗುವ ಜಿಪಿಎಸ್ ಸಾಧನವನ್ನೇ ಜಕ್ಕೂರಿನಲ್ಲಿ ಹಾರುವ ಪುಟ್ಟ ವಿಮಾನಕ್ಕೆ ಹಾಕಿದರೆ ಸಾಲದೇ? ಸಾಲದು. ಯಾಕೆಂದು ನೋಡೋಣ.

ಮೊದಲನೆಯದು ಎತ್ತರ. ವಿಮಾನದ ಎತ್ತರಮಾಪಕ ಗಾಳಿಯ ಒತ್ತಡವನ್ನು ಅಳೆಯುತ್ತದೆ. ಜಿಪಿಎಸ್ ಉಪಗ್ರಹಗಳ ಸಂಕೇತದಿಂದ ಲೆಕ್ಕ ಹಾಕುತ್ತದೆ. ಎರಡೂ ಒಂದೇ ಅಂಕಿ ತೋರಿಸಬೇಕೆಂದಿಲ್ಲ. ವಿಮಾನಗಳು ಒಂದರ ಮೇಲೊಂದು ಅಂತರ ಕಾಯ್ದುಕೊಳ್ಳುವುದು ಒತ್ತಡದ ಅಳತೆಯಿಂದ. ಒಬ್ಬರು ಮಾತ್ರ ಬೇರೆ ಅಳತೆಗೋಲು ಹಿಡಿದರೆ ಅಪಾಯ ಎಲ್ಲರಿಗೂ.

ಎರಡನೆಯದು ದಿಕ್ಕು. ಕಾಂತೀಯ ದಿಕ್ಸೂಚಿ ವಿದ್ಯುತ್ ಕೈಕೊಟ್ಟರೂ ಕೆಲಸ ಮಾಡುತ್ತದೆ. ಆದರೆ ಪಕ್ಕದಲ್ಲಿ ಸ್ಪೀಕರಿನ ಅಯಸ್ಕಾಂತವಿದ್ದರೆ, ವೈರಿನಲ್ಲಿ ಕರೆಂಟ್ ಹರಿಯುತ್ತಿದ್ದರೆ ಅದು ತಪ್ಪು ದಿಕ್ಕು ತೋರಿಸಬಹುದು. 10 ಡಿಗ್ರಿ ತಪ್ಪಿದರೆ, 60 ಕಿ.ಮೀ. ಹಾರುವಷ್ಟರಲ್ಲಿ ನಾವು ದಾರಿಯಿಂದ ಸುಮಾರು 10 ಕಿ.ಮೀ. ಆಚೆ ಇರುತ್ತೇವೆ. ಅದಕ್ಕೇ ಹೊಸ ರೇಡಿಯೊ ಅಳವಡಿಸಿದ ಮೇಲೆ ವಿಮಾನವನ್ನು ನೆಲದ ಮೇಲೆ ಗೊತ್ತಿರುವ ದಿಕ್ಕುಗಳಿಗೆ ತಿರುಗಿಸಿ ದಿಕ್ಸೂಚಿಯನ್ನು ಸರಿಹೊಂದಿಸುತ್ತಾರೆ. ಉಳಿದ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಅದರ ಬಳಿಯೇ ಅಂಟಿಸುತ್ತಾರೆ.

ಹಾಗಾದರೆ ಹೊಸ ತಂತ್ರಜ್ಞಾನ ಬೇಡವೇ? ಖಂಡಿತ ಬೇಕು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿದ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿ ಡಿಜಿಟಲ್ ಪರದೆಗಳೇ ಇವೆ. ಆದರೆ ಅವುಗಳನ್ನು ಇಡೀ ವಿಮಾನದ ಜೊತೆಗೇ ಪರೀಕ್ಷಿಸಲಾಗಿದೆ. ಮೊಬೈಲ್‌ನಲ್ಲಿ ನಕ್ಷೆ ನೋಡಿದರೆ ತಪ್ಪಿಲ್ಲ. ಅದನ್ನೊಂದೇ ನಂಬಿ ಹಾರುವುದು ತಪ್ಪು.