ಯಂತ್ರವು ಓದುವ ಕೈಪಿಡಿ, ಮನುಷ್ಯನು ಹೊರುವ ಹೊಣೆ

ಹೋಟೆಲಿನ ಬಿಲ್ಲು, ಬ್ಯಾಂಕಿನ ಖಾತೆ, ಕಚೇರಿಯ ಸಂಬಳಪಟ್ಟಿ ಇವೆಲ್ಲವೂ ಇಂದು ಕಂಪ್ಯೂಟರಿನ ವಶದಲ್ಲಿವೆ. ಲೆಕ್ಕ ತಪ್ಪಿದಾಗ ಮೊದಲು ಪ್ರಶ್ನೆಗೆ ಗುರಿಯಾಗುವವನು ಮೇಜಿನ ಮುಂದೆ ಕುಳಿತ ಗುಮಾಸ್ತನೇ ಹೊರತು ಯಂತ್ರವಲ್ಲ. ಆದುದರಿಂದ ಸಾಫ್ಟ್‌ವೇರಿನ ದೋಷವನ್ನು ಯಾರು, ಯಾವ ಕ್ರಮದಿಂದ ಪತ್ತೆಮಾಡುತ್ತಾರೆಂಬುದನ್ನು ಕೇವಲ ತಂತ್ರಜ್ಞರ ವಿಚಾರವೆಂದು ನಾವು ಕೈಬಿಡುವಂತಿಲ್ಲ.

ಈಚಿನ ಕೆಲವು ವರ್ಷಗಳಲ್ಲಿ ಈ ಕೆಲಸವು ಕೃತಕ ಬುದ್ಧಿಮತ್ತೆಯ 'ಏಜೆಂಟ್'ಗಳ ಕೈಗೆ ಬರತೊಡಗಿದೆ. ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗದೆ, ಒಪ್ಪಿಸಿದ ಕಾರ್ಯಕ್ಕಾಗಿ ತಾನೇ ಸಲಕರಣೆಗಳನ್ನು ಬಳಸುತ್ತ ಮುಂದುವರಿಯುವ ಪ್ರೋಗ್ರಾಮಿಗೆ ಈ ಹೆಸರು. 2023ರಲ್ಲಿ ನಿಜವಾದ ಸಾಫ್ಟ್‌ವೇರುಗಳಿಂದ ಆರಿಸಿದ 2,294 ಸಮಸ್ಯೆಗಳ 'ಎಸ್‌ಡಬ್ಲ್ಯುಇ-ಬೆಂಚ್' ಪರೀಕ್ಷೆ ಪ್ರಕಟವಾದಾಗ, ಅಂದಿನ ಉತ್ತಮ ಮಾದರಿ ಬಿಡಿಸಿದ್ದು ನೂರಕ್ಕೆ ಎರಡರಷ್ಟು ಮಾತ್ರ. ಅದರಿಂದಲೇ ಆಯ್ದು, ಮನುಷ್ಯರು ಪರಿಶೀಲಿಸಿದ 500 ಸಮಸ್ಯೆಗಳಲ್ಲಿ 2025ರ ಮಾದರಿಗಳು ಅರ್ಧಕ್ಕಿಂತ ಹೆಚ್ಚನ್ನು ಬಿಡಿಸಿದವು. ಈ ವೇಗವನ್ನು ಅಲ್ಲಗಳೆಯುವಂತಿಲ್ಲ.

ಹಳೆಯ ಪುಸ್ತಕ, ಹೊಸ ಓದುಗ

ದೋಷಶೋಧನೆಯ ಸಲಕರಣೆಗೆ 'ಡಿಬಗ್ಗರ್' ಎಂದು ಹೆಸರು. 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಬರೆದ 'ಜಿಡಿಬಿ' ಇವುಗಳಲ್ಲಿ ಪ್ರಸಿದ್ಧವಾದುದು. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದೆಡೆ ನಿಲ್ಲಿಸಿ, ಯಾವ ದಾರಿಯಿಂದ ಅಲ್ಲಿಗೆ ಬಂತು, ಆ ಕ್ಷಣ ಯಾವ ಅಂಕಿ ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ. ಅದಕ್ಕೆ ವಿಸ್ತಾರವಾದ ಕೈಪಿಡಿಯೂ ಉಂಟು. ಆದರೆ ಆ ಕೈಪಿಡಿ ಮನುಷ್ಯನಿಗಾಗಿ ಬರೆದದ್ದು.

ಊರಿನಿಂದ ಮುಂಬಯಿಯ ಹೋಟೆಲಿಗೆ ಬಂದ ಹುಡುಗನಿಗೆ ಯಾರೂ ಲಿಖಿತ ನಿಯಮಾವಳಿ ಕೊಡುವುದಿಲ್ಲ. ಹಳಬರನ್ನು ಕೇಳಿ, ನಾಲ್ಕು ಮಾತು ಬೈಸಿಕೊಂಡು ಅವನು ಕೆಲಸ ಕಲಿಯುತ್ತಾನೆ. ಇಂಜಿನಿಯರನೂ ಡಿಬಗ್ಗರಿನ ಅರ್ಧ ವಿದ್ಯೆಯನ್ನು ಕಲಿಯುವುದು ಪಕ್ಕದ ಮೇಜಿನವನಿಂದಲೇ. ಏಜೆಂಟಿಗೆ ಅಂಥ ಹಳಬನಿಲ್ಲ. ನಿನ್ನೆಯ ಪಾಠವೂ ಬರೆದಿಡದಿದ್ದರೆ ಅದಕ್ಕೆ ಇಂದು ನೆನಪಿರುವುದಿಲ್ಲ. ಬರೆದುಕೊಟ್ಟದ್ದೇ ಅದರ ಪ್ರಪಂಚ.

ಇದರ ಪರಿಣಾಮ ಸಣ್ಣದಲ್ಲ. ಜಿಡಿಬಿಯು ನಡುನಡುವೆ 'ಹೌದೋ, ಅಲ್ಲವೋ' ಎಂದು ಕೇಳಿ ಕಾಯುತ್ತದೆ; ಉದ್ದದ ಉತ್ತರವಾದರೆ ಒಂದು ಪುಟ ತೋರಿಸಿ ನಿಲ್ಲುತ್ತದೆ. ಮನುಷ್ಯನಾದರೆ ಕೀಲಿಯೊತ್ತಿ ಮುಂದುವರಿಯುತ್ತಾನೆ. ಆದೇಶ ಕಳಿಸಿ ಫಲಿತಾಂಶಕ್ಕೆ ಕಾಯುವ ಏಜೆಂಟು ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಪ್ರಶ್ನೆ ಕೇಳದೆ ಕೆಲಸ ಮುಗಿಸುವ 'ಬ್ಯಾಚ್' ವಿಧಾನ ಜಿಡಿಬಿಯಲ್ಲೇ ಇದೆ. ಅದನ್ನು ಮೊದಲ ಸಾಲಿನಲ್ಲಿಯೇ ಹೇಳಬೇಕು. ಇನ್ನೊಂದು ಉದಾಹರಣೆ: ವೇಗಕ್ಕಾಗಿ ಸಂಕ್ಷೇಪಿಸಿದ ಪ್ರೋಗ್ರಾಮಿನಲ್ಲಿ ಕೆಲವು ಅಂಕಿಗಳು ಡಿಬಗ್ಗರಿಗೆ ಕಾಣುವುದೇ ಇಲ್ಲ. ಕಾಣದ್ದನ್ನು ಕಾಣಲಿಲ್ಲವೆಂದು ವರದಿಮಾಡಬೇಕೆಂದು ಬರೆಯದಿದ್ದರೆ, ಏಜೆಂಟು ಊಹೆಯನ್ನೇ ಸತ್ಯವೆಂಬಂತೆ ನಿರೂಪಿಸುವ ಅಪಾಯವಿದೆ.

ಹೊಸ ಏರ್ಪಾಡು, ಹೊಸ ಅಪಾಯ

2024ರ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆಯು 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಏರ್ಪಾಡನ್ನು ಪ್ರಕಟಿಸಿತು. ಇದರಂತೆ ಪ್ರತಿಯೊಂದು ಸಲಕರಣೆಯೂ ತನ್ನ ಹೆಸರು, ವಿವರಣೆ, ಬೇಕಾದ ಮಾಹಿತಿಯ ಸ್ವರೂಪ ಇವನ್ನು ಏಜೆಂಟಿಗೆ ಒಪ್ಪಿಸುತ್ತದೆ. ಯಾವ ಸಲಕರಣೆಯನ್ನು ಎತ್ತಿಕೊಳ್ಳಬೇಕೆಂಬುದನ್ನು ಏಜೆಂಟು ಆ ನಾಲ್ಕು ಸಾಲುಗಳಿಂದಲೇ ನಿರ್ಧರಿಸುತ್ತದೆ. ಇದು ಕೇವಲ ಓದುವ ಸಲಕರಣೆಯೋ, ಇದ್ದುದನ್ನು ಅಳಿಸಬಲ್ಲದೋ ಎಂಬ ಗುರುತನ್ನೂ 2025ರಲ್ಲಿ ಸೇರಿಸಲಾಯಿತು. ಆದರೆ ಆ ಗುರುತು ಸೂಚನೆಯೇ ಹೊರತು ಖಾತರಿಯಲ್ಲವೆಂದು ನಿಯಮವೇ ಎಚ್ಚರಿಸುತ್ತದೆ.

ಈ ಎಚ್ಚರಿಕೆ ಉಚಿತವಾದುದು. ಡಿಬಗ್ಗರ್ ನೋಡುವ ಕನ್ನಡಿ ಮಾತ್ರವಲ್ಲ, ಓಡುತ್ತಿರುವ ಪ್ರೋಗ್ರಾಮಿನ ಅಂಕಿಯನ್ನು ತಿದ್ದಬಲ್ಲ ಕೈಯೂ ಹೌದು. ಆದುದರಿಂದ ಏನು ಮಾಡಬೇಕೆಂಬುದರಷ್ಟೇ, ಏನನ್ನು ಮುಟ್ಟಬಾರದು, ಎಲ್ಲಿ ನಿಂತು ಮನುಷ್ಯನನ್ನು ಕೇಳಬೇಕು ಎಂಬುದನ್ನೂ ಕೈಪಿಡಿ ಸ್ಪಷ್ಟಪಡಿಸತಕ್ಕದ್ದು. ಬರಹದಿಂದಷ್ಟೇ ತೃಪ್ತರಾಗದೆ, ಅಧಿಕಾರವನ್ನೂ ಅದಕ್ಕೆ ತಕ್ಕಂತೆ ಮಿತಗೊಳಿಸಬೇಕು.

ಬ್ರಿಟನ್ನಿನ ಪಾಠ

ದೋಷದ ದಾಖಲೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಪ್ರಕರಣ ಕಣ್ಣು ತೆರೆಸುವಂತಹುದು. ಅಲ್ಲಿ 'ಹೊರೈಜನ್' ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ತೋರಿಸಿದ ಕೊರತೆಯನ್ನು ನಂಬಿ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪಅಂಚೆಪಾಲಕರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಕೆಲವರು ಸೆರೆಮನೆ ಕಂಡರು. ತಿಳಿದಿದ್ದ ದೋಷಗಳ ಪಟ್ಟಿಯೊಂದು ತಂತ್ರಜ್ಞರ ಬಳಿ ಇತ್ತು. ಆಪಾದಿತರಿಗೆ ಮಾತ್ರ ಅದು ದೊರೆಯಲಿಲ್ಲ. 2019ರಲ್ಲಿ ಉಚ್ಚ ನ್ಯಾಯಾಲಯವು ಸಾಫ್ಟ್‌ವೇರಿನ ದೋಷಗಳನ್ನು ಎತ್ತಿಹಿಡಿಯಿತು; 2024ರಲ್ಲಿ ಪಾರ್ಲಿಮೆಂಟು ಶಾಸನಮಾಡಿ ನೂರಾರು ಶಿಕ್ಷೆಗಳನ್ನು ರದ್ದುಪಡಿಸಿತು. ಕಳೆದುಹೋದ ವರ್ಷಗಳನ್ನು ಯಾವ ಶಾಸನವೂ ಮರಳಿಸಲಾರದು.

ಅಲ್ಲಿ ಕೃತಕ ಬುದ್ಧಿಮತ್ತೆಯಿರಲಿಲ್ಲವೆಂಬುದು ನಿಜ. ಆದರೆ ನಾಳೆ ದೋಷವಿಲ್ಲವೆಂದು ಏಜೆಂಟೊಂದು ಷರಾ ಬರೆದರೆ, ಯಾವ ಸಲಕರಣೆ ಬಳಸಿತು, ಏನನ್ನು ಕಂಡಿತು, ಏನನ್ನು ಕಾಣಲಿಲ್ಲ ಎಂಬ ದಾಖಲೆ ಇಲ್ಲದಿದ್ದಲ್ಲಿ ಗುಮಾಸ್ತನ ಗತಿಯೇನು? 1971ರ ಯುನಿಕ್ಸ್ ಕೈಪಿಡಿಯಲ್ಲಿ ಆದೇಶಗಳ ವಿವರಣೆಯಲ್ಲಿ 'ದೋಷಗಳು' ಎಂಬ ಶೀರ್ಷಿಕೆಯಿರುತ್ತಿತ್ತು. ತಯಾರಿಸಿದವರೇ ತಮ್ಮ ಕೊರತೆಗಳನ್ನು ಅಲ್ಲಿ ಒಪ್ಪಿಕೊಳ್ಳುತ್ತಿದ್ದರು. ಆ ಪ್ರಾಮಾಣಿಕತೆ ಇಂದು ಹೆಚ್ಚು ಅಗತ್ಯವಾಗಿದೆ. ಯಂತ್ರಕ್ಕೆ ಅರ್ಥವಾಗುವಂತೆ ಬಿಡಿಸಿ ಬರೆದದ್ದು ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರಿಗೂ ಅರ್ಥವಾಗುತ್ತದೆ. ಅಂಥ ಕೈಪಿಡಿಯನ್ನೂ, ಏಜೆಂಟು ನಡೆದ ದಾರಿಯ ದಾಖಲೆಯನ್ನೂ ಕೇಳುವ ಹಕ್ಕು ಲೆಕ್ಕಕ್ಕೆ ಸಹಿ ಹಾಕುವವನಿಗೆ ಇರಲೇಬೇಕು.