ಮಕ್ಕಳಾಗಿವೆಯಲ್ಲ, ಇನ್ನೇನು?

ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ಮುಗಿದ ದಿನ ಕೈಗಿತ್ತ ಹಾಳೆಯಲ್ಲಿ ಎಳನೀರಿನವರೆಗೆ ಎಲ್ಲವೂ ಇತ್ತು. ಗಂಡನ ಜೊತೆ ಕೂಡೋದು ಯಾವಾಗಿನಿಂದ ಅಂತ ಕೇಳಿದೆ. "ಮಕ್ಕಳಾಗಿವೆಯಲ್ಲಮ್ಮಾ, ಇನ್ನೇನು?" ಅಂದ್ರು ಡಾಕ್ಟರು. ನನಗಾಗ 36.

ರೇಡಿಯೇಷನ್ನಿನಿಂದ ಯೋನಿ ಒಣಗಬಹುದು, ಕಿರಿದಾಗಬಹುದು; ಅದಕ್ಕೆ ಡೈಲೇಟರ್ ಇದೆ, ಜೆಲ್ ಇದೆ. ಇಷ್ಟು ತಿಳಿಯೋಕೆ ಒಂದು ವರ್ಷ ಬೇಕಾಯ್ತು. ಅಷ್ಟರಲ್ಲಿ ನಮ್ಮನೆಯವರು ಹಾಲ್‌ನಲ್ಲಿ ಮಲಗೋಕೆ ಶುರುಮಾಡಿದ್ರು. ನನಗೆ ನೋವಾದೀತು ಅಂತ ಅವರು. ನನ್ನ ಕಂಡ್ರೆ ಅಸಹ್ಯ ಅಂದ್ಕೊಂಡು ನಾನು. ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಪ್ರಾಸ್ಟೇಟ್ ಆಪರೇಷನ್ ಆದ ನಮ್ಮ ಮಾವನಿಗೆ ಮಾತ್ರ, 68ರಲ್ಲೂ, ಕೇಳದೇನೇ 'ಆ ವಿಷಯ' ವಿವರಿಸಿ ಮಾತ್ರೆ ಬರೆದುಕೊಟ್ಟಿದ್ರು! ಒಳ್ಳೇದೇ ಬಿಡಿ. ಆದ್ರೆ ಗಂಡಸಿನದು ತೊಂದರೆ, ಹೆಂಗಸಿನದು ಚಪಲವೇ? ಮುಂದಿನ ಸಲ ಆ ಹಾಳೆ ಅಚ್ಚು ಹಾಕಿಸುವಾಗ ಎಳನೀರಿನ ಕೆಳಗೆ ಎರಡು ಸಾಲು ಸೇರಿಸಿ, ಡಾಕ್ಟ್ರೇ.